ಮರಿಯಪ್ಪನ ಹೆಸರಿನ ಎದೆ

3 ಜೂನ್ 2024, ಸೋಮವಾರ

ಇವತ್ತಿಂದ ಬರೀತೀನಿ. ಕಾರಣ ನನ್ನ ಹೆಂಡ್ತಿ ಸುಂದ್ರಿ. ಉಣ್ಣಕೆ ಕೂತಾಗ ಕ್ವಾರಿ ಕತೆ ಹೇಳ್ತಿದ್ದೆ. "ಮಾವ, ನಿನ್ ಮಾತ ಕೇಳಿ ಕೇಳಿ ನನ್ ಕಿವೀಲಿ ಕುಳಿ ಬಿದ್ದದೆ. ಎಲ್ಲಾರ ಬರ್ದು ಮಡಿಕ, ನಂಗೆ ಯೋಳ್ಬ್ಯಾಡ" ಅಂದ್ಲು. ಮಗಳು ಭವ್ಯನ ಹತ್ತನೇ ಕ್ಲಾಸಿನ ನೋಟ್‌ಬುಕ್ಕು ಅರ್ಧ ಖಾಲಿ ಇತ್ತು. ಅವಳು ಮದ್ವೆಯಾಗಿ ಪುಣಜನೂರು ಸೇರಿ ಎರಡು ವರ್ಷ ಆಯ್ತು, ಇನ್ನು ಕೇಳಕೆ ಬರಲ್ಲ.

ಮೊದಲ್ನೇ ಪುಟದಲ್ಲಿ ಹೆಸರು ಬರೀಬೇಕು, ಸ್ಕೂಲಲ್ಲಿ ಹಂಗೇ ಹೇಳ್ಕೊಟ್ಟಿದ್ದು. ನಿಂಗರಾಜು. ಉಮ್ಮತ್ತೂರು. ಆರನೇ ಕ್ಲಾಸು. ವಯಸ್ಸು ನಲವತ್ತೇಳು. ಇಪ್ಪತ್ತೆರಡು ವರ್ಷದಿಂದ ಕರಿಕಲ್ಲಿನ ಕ್ವಾರೀಲಿ ಜಾಕ್‌ಹ್ಯಾಮರ್ ಹಿಡಿತೀನಿ. ಬಂಡೆಗೆ ಸಾಲಾಗಿ ಕುಳಿ ಹೊಡೆಯೋ ಕೆಲಸ. ಮಿಷನ್ನು ನಡುಗ್ತದೆ, ಹಿಡ್ದೋನೂ ನಡುಗ್ತಾನೆ. ಮನೆಗೆ ಬಂದು ಟೀ ಲೋಟ ಹಿಡಿದ್ರೆ ಒಳಗಿರೋ ಟೀನೂ ಕುಣಿತದೆ.

ನನ್ನ ಇನ್ನೊಂದು ಕೆಲಸ ಸಾಯಂಕಾಲ ಐದೂವರೆಗೆ. ಗಾಳಿ ಸ್ನಾನ. ಎಲ್ರೂ ಸಾಲಾಗಿ ನಿಂತ್ಕತಾರೆ. ನಾನು ಕಂಪ್ರೆಸರ್ ಪೈಪು ಹಿಡ್ಕಂಡು ತಲೆಯಿಂದ ಕಾಲ್ಗಂಟ ಭುಸ್ ಅನ್ನಿಸ್ತೀನಿ. ಧೂಳೆಲ್ಲ ಹಾರೋಗಿ ಒಳಗಿಂದ ಮನುಷ್ಯ ಆಚೆಗೆ ಬತ್ತಾನೆ. ಮೇಸ್ತ್ರಿ ಶಾಂತರಾಜಣ್ಣಂದು ಮೊದಲು, ಅವನ್ದು ಇಸ್ತ್ರಿ ಶರ್ಟು. ಇದನ್ನ ಶುರು ಮಾಡಿದ್ದು ನಾನೇ. ನೀರು ಬ್ಯಾಡ, ಸೋಪು ಬ್ಯಾಡ, ಬಸ್ಸಲ್ಲಿ ಪಕ್ಕದೋರು ಜರುಗಿ ಕೂರಲ್ಲ. ಒಬ್ಬೊಬ್ರಿಗೂ ಒಂದೊಂದು ಮಾತು ಆಡ್ಕಂಡು ಊದ್ತೀನಿ. ಇವತ್ತು ಮರಿಯಪ್ಪನ ಲುಂಗಿಗೆ ಊದ್ದೆ, ಕೊಡೆ ಬಿಚ್ಕಂಡಂಗೆ ಬಿಚ್ಕತ್ತು. ಮೇಸ್ತ್ರಿನೂ ನಕ್ಬುಟ್ಟ.

ಮರಿಯಪ್ಪ ನನ್ನ ಜೋಡಿ. ಹನ್ನೆರಡು ವರ್ಷದಿಂದ ಒಂದೇ ಬಂಡೇಲಿ ಅವನೊಂದು ಕುಳಿ, ನಾನೊಂದು ಕುಳಿ. ಊರು ಗುಂಡ್ಲುಪೇಟೆ ಕಡೆ. ಇಲ್ಲಿ ಕ್ವಾರಿ ಶೆಡ್ಡಲ್ಲೇ ಹೆಂಡ್ತಿ ಕುಮಾರಿ ಜೊತೆ ಇರ್ತಾನೆ.

12 ಜೂನ್, ಬುಧವಾರ

ಮಧ್ಯಾಹ್ನ ಬುತ್ತಿ ಬಿಚ್ಚೋ ಹೊತ್ಗೆ ಮೇಸ್ತ್ರಿ ಬಂದು, "ಶುಕ್ರವಾರ ಎಕ್ಸ್‌ರೇ ವ್ಯಾನು ಬತ್ತದೆ. ಎಲ್ರೂ ಎದೆ ತೋರಿಸ್ಬೇಕು" ಅಂದ.

"ತೋರ್ಸನ ಬುಡಣ್ಣ. ನಮ್ಮೆದೆ ನೋಡೋರೂ ಒಬ್ರು ಬಂದ್ರಲ್ಲ" ಅಂದೆ.

"ನಗಾಡ್ಬ್ಯಾಡ ಕಣ್ಲಾ. ಯಾರ್ ಎದೇಲಿ ತೊಂದ್ರೆ ಅಂತ ಬತ್ತದೋ ಅವ್ರು ಕೆಲಸಕ್ಕೆ ಬ್ಯಾಡ ಅಂದವ್ರೆ ಓನರ್ರು. ನಾಳೆ ಏನಾರ ಆದ್ರೆ ಕೇಸು ಅವ್ರ ತಲೆಗೆ."

ಮೇಸ್ತ್ರಿ ಅತ್ಲಾಗೆ ಹೋಗಿದ್ದೇ ಮರಿಯಪ್ಪನ ಮುಖ ಚಿಕ್ಕದಾಯ್ತು. ಅವನು ಒಂದು ವರ್ಷದಿಂದ ಕೆಮ್ಮತಾವ್ನೆ. ಊಟ ಆದ್ಮೇಲೆ ನಾವೆಲ್ಲ ಒಂದೊಂದು ಉಂಡೆ ಬೆಲ್ಲ ತಿಂತೀವಿ. ಧೂಳು ಬೆಲ್ಲಕ್ಕೆ ಅಂಟ್ಕಂಡು ಹೊಟ್ಟೆಗೆ ಇಳಿದೋಯ್ತದೆ. ಮರಿಯಪ್ಪ ಎರಡುಂಡೆ ತಿಂತಾನೆ. ಆದ್ರೂ ಕೆಮ್ಮು ಹೋಗ್ಲಿಲ್ಲ.

"ನಿಂಗರಾಜು, ನಂದು ಮುಗೀತು ಕಣ್ಲಾ" ಅಂದ.

ನಾನು ಕೆಮ್ಮಲ್ಲ. ಬೆಳಿಗ್ಗೆ ಎದ್ದಾಗ ಒಂದೈದಾರು ಸಲ ಕೆಮ್ತೀನಿ, ಅದು ಕೆಮ್ಮಲ್ಲ, ಗಂಟ್ಲು ಸರಿ ಮಾಡ್ಕಳದು.

14 ಜೂನ್, ಶುಕ್ರವಾರ

ಇವತ್ತು ಮಾಡಿದ ಕೆಲಸ ನೆನೆಸ್ಕಂಡ್ರೆ ಇನ್ನೂ ನಗು ಬತ್ತದೆ.

ವ್ಯಾನು ಬಂತು. ಒಬ್ಬ ಡಾಕ್ಟ್ರಮ್ಮ, ಒಬ್ಬ ಮಿಷನ್ ಹುಡುಗ. ಮೇಸ್ತ್ರಿ ಎಲ್ರಿಗೂ ಹೆಸರು ಬರ್ದಿರೋ ಚೀಟಿ ಕೊಟ್ಟ. ಮರಿಯಪ್ಪ ತನ್ನ ಚೀಟಿ ಹಿಡ್ಕಂಡು ಬಂಡೆ ಹಿಂದೆ ಕೂತ್ಬುಟ್ಟಿದ್ದ.

"ಏಳ್ಲಾ. ಕೊಡಿಲ್ಲಿ ಚೀಟಿಯ" ಅಂದೆ.

"ಏನ್ಲಾ ಮಾಡ್ತೀಯ?"

"ನಿನ್ ಎದೆ ನಾನ್ ತೋರ್ಸ್ತೀನಿ. ನಂದು ಗಟ್ಟಿ ಅದೆ."

ಅವನ ಕೆಂಪು ಟೋಪಿ ಹಾಕ್ಕಂಡು ಹೋದೆ. ಧೂಳು ಬಳ್ಕಂಡ್ರೆ ನಾವೆಲ್ಲ ಒಂದೇ ತಾಯಿ ಮಕ್ಳು, ರೆಪ್ಪೆಯಿಂದ ಹಿಡ್ದು ಮೀಸೆಗಂಟ ಬೂದಿ. ಹೆತ್ತೋಳೇ ಬಂದ್ರೂ ಯಾರು ಯಾರಂತ ಗೊತ್ತಾಗಲ್ಲ.

"ಹೆಸರು?" ಅಂತು ಡಾಕ್ಟ್ರಮ್ಮ.

"ಮರಿಯಪ್ಪ, ಮೇಡಮ್ಮಾರೆ."

"ಕೆಮ್ಮು ಇದೆಯಾ?"

"ಮರಿಯಪ್ಪಂಗೆ ಕೆಮ್ಮೇ ಇಲ್ಲ ಮೇಡಮ್ಮಾರೆ. ಕೋಗಿಲೆ ಇದ್ದಂಗವ್ನೆ."

ಹಲಗೆಗೆ ಎದೆ ಕೊಟ್ಟು ನಿಲ್ಲಿಸಿ ಹುಡುಗ ಉಸಿರು ಹಿಡ್ಕಳಿ ಅಂದ. ಹಿಡ್ಕಂಡೆ. ಒಂದು ಚೂರು ಕಷ್ಟ ಆಯ್ತು, ಬಿಸ್ಲು ಜಾಸ್ತಿ ಇತ್ತು. ಆಯ್ತು ಹೋಗಿ ಅಂದ. ಬಂಡೆ ಹಿಂದೆ ಹೋಗಿ ಮರಿಯಪ್ಪಂಗೆ ಟೋಪಿ ವಾಪಸ್ ಕೊಟ್ಟೆ. ಪಾಪ, ಕಣ್ಣಲ್ಲಿ ನೀರು ಹಾಕ್ಕಂಡ.

ನನ್ನ ಹೆಸರಿನ ಚೀಟಿ ಜೇಬಲ್ಲೇ ಉಳೀತು. ಒಂದು ಎದೇನ ಎರಡು ಸಲ ಯಾಕೆ ತೋರಿಸ್ಬೇಕು? ಈ ಪುಸ್ತಕದೊಳಗೆ ಮಡಗಿವ್ನಿ.

20 ಜೂನ್, ಗುರುವಾರ

ಕುಳಿ ಹೊಡೀತಾ ಬಗ್ಗಿದಾಗ ಪ್ಯಾಂಟು ಜಾರಿ ಹೋಯ್ತು. ಎಲ್ರೂ ಕೇಕೆ ಹಾಕಿದ್ರು. ನಾನೂ ಎರಡು ಹೆಜ್ಜೆ ಕುಣಿದೆ.

ಸುಂದ್ರಿ ಸೊಂಟ ಒಂದಿಂಚು ಹಿಡ್ದು ಹೊಲಿದ್ಲು. ಉಳಿದ ಬಟ್ಟೆ ಕತ್ತರಿಸಿ ಒಲೆ ಮೇಲಿಂದ ಪಾತ್ರೆ ಇಳಿಸಕೆ ಮಡಿಕಂಡ್ಲು. "ಮೂರೊತ್ತು ರಾಗಿ ಇಟ್ಟು ತಿಂತೀಯ, ಎಲ್ಲೋಯ್ತದೆ ಮಾವ?" ಅಂದ್ಲು. "ಮಾತಿಗೆ ಹೋಯ್ತದೆ" ಅಂದೆ.

28 ಜೂನ್, ಶುಕ್ರವಾರ

ರಿಪೋರ್ಟು ಬಂತು. ಎಲ್ರನ್ನೂ ನಿಲ್ಲಿಸ್ಕಂಡು ಮೇಸ್ತ್ರಿ ಓದ್ದ. ಸೋಮೇಶಂಗೆ ಸರಿ ಅದೆ. ಇನ್ನಿಬ್ರಿಗೆ ಸ್ವಲ್ಪ ಧೂಳು ಅದೆ, ಆರು ತಿಂಗಳು ಬಿಟ್ಟು ತೋರಿಸ್ಬೇಕು. ಆಮೇಲೆ, "ಮರಿಯಪ್ಪ" ಅಂದು ನಿಲ್ಲಿಸ್ದ.

ಬಲಗಡೆ ಎದೇಲಿ, ಮೇಲಕ್ಕೆ, ಗಡ್ಡೆ ಥರ ಕಾಣ್ತದಂತೆ. ಚಾಮರಾಜನಗರಕ್ಕೆ ಹೋಗಿ ಸ್ಕ್ಯಾನ್ ಮಾಡಿಸ್ಬೇಕಂತೆ. ತಡ ಮಾಡಬಾರದಂತೆ.

ಎಲ್ರೂ ಮರಿಯಪ್ಪನ್ನ ನೋಡಿದ್ರು. ಮರಿಯಪ್ಪ ನನ್ನ ನೋಡ್ದ.

"ನಾಳೆಯಿಂದ ಬರ್ಬ್ಯಾಡ ಕಣಪ್ಪ. ನನ್ ಮೇಲೆ ಬೇಜಾರು ಮಾಡ್ಕಬ್ಯಾಡ" ಅಂದ ಮೇಸ್ತ್ರಿ. ಹಾಳೆ ಮಡಚೋವಾಗ, "ನಿಂಗರಾಜು ಹೆಸ್ರೇ ಕಾಣಲ್ವಲ್ಲ ಇದ್ರಲ್ಲಿ?" ಅಂದ.

"ನನ್ ಎದೆ ಕಂಡು ಮಿಷನ್ನಿಗೆ ನಾಚ್ಕೆ ಆಗದೆ ಕಣಣ್ಣ" ಅಂದೆ. ಯಾರೂ ನಗಲಿಲ್ಲ. ಹೊತ್ತಲ್ಲದ ಹೊತ್ನಲ್ಲಿ ಅಂದ್ಬುಟ್ಟೆ ಅನ್ನಿಸ್ತದೆ.

ಸಾಯಂಕಾಲ ಎಲ್ರಿಗೂ ಊದಿ ಕಳಿಸ್ದೆ. ಮರಿಯಪ್ಪ ಸಾಲಲ್ಲಿ ನಿಲ್ಲದೆ ಹೋದ.

29 ಜೂನ್, ಶನಿವಾರ

ಮರಿಯಪ್ಪನೂ ಕುಮಾರಿನೂ ಊರಿಗೆ ಹೊಂಟ್ರು. ಗುಂಡ್ಲುಪೇಟೆ ಬಸ್ಸು ಹತ್ತಿಸಕೆ ಚಾಮರಾಜನಗರ ಬಸ್ ಸ್ಟ್ಯಾಂಡಿಗೆ ಹೋದೆ. ಕುಮಾರಿ ಗಂಟು ಮುಂದೆ ಮಡಿಕಂಡು ಸೆರಗಲ್ಲಿ ಮೂಗು ಒರೆಸ್ತಾ ಕೂತಿದ್ಲು. ಮರಿಯಪ್ಪ ನನ್ನ ಕೈ ಹಿಡ್ದು ಟೀ ಅಂಗಡಿ ಮೂಲೆಗೆ ಎಳ್ಕಂಡೋದ.

"ಅದು ನಿಂದು ಕಣ್ಲಾ."

"ಯಾವ್ದು?"

"ಆ ಎದೆ. ಆ ಗಡ್ಡೆ."

"ಲೇ, ಮಿಷನ್ನು ಕುಡ್ದಿತ್ತು ಕಣ್ಲಾ ಅವತ್ತು. ಬಿಸ್ಲಲ್ಲಿ ನಿಂತಿದ್ದ ವ್ಯಾನು, ಏನೇನೋ ಕಂಡದೆ. ನನ್ ನೋಡು. ಹೆಂಗಿವ್ನಿ?"

ನೋಡ್ದ. ಜಾಸ್ತಿ ಹೊತ್ತು ನೋಡ್ದ.

"ಸಣ್ಣಗಾಗಿದ್ದೀಯ ಕಣ್ಲಾ."

"ನಿನ್ನ ನೆನೆಸ್ಕಂಡು ಕಣ್ಲಾ" ಅಂದೆ. "ಹೇಳ್ಬುಟ್ರೆ ಇಬ್ರಿಗೂ ಕೆಲಸ ಹೋಯ್ತದೆ. ನೀನು ಹೋಗಿ ಸ್ಕ್ಯಾನ್ ಮಾಡಿಸ್ಕ, ಏನೂ ಇಲ್ಲ ಅಂತ ಬತ್ತದೆ, ಮೇಸ್ತ್ರಿ ವಾಪಸ್ ಕರಿತಾನೆ. ಹಾವೂ ಸಾಯಲ್ಲ, ಕೋಲೂ ಮುರಿಯಲ್ಲ."

ಅವನು ಬಸ್ ಹತ್ದ. ಕಿಟಕೀಲಿ ಏನೋ ಹೇಳ್ದ, ಡ್ರೈವರ್ ಹಾರನ್ ಹೊಡ್ದ, ಕೇಳಿಸ್ಲಿಲ್ಲ. ಕೈ ಬೀಸ್ದೆ.

9 ಜುಲೈ, ಮಂಗಳವಾರ

ಜೋಡಿಗೆ ಹೊಸೋನ್ನ ಕೊಟ್ಟವ್ರೆ. ಮಾತಾಡಲ್ಲ, ನಗಲ್ಲ. ಜಾಕ್‌ಹ್ಯಾಮರೇ ವಾಸಿ, ಅದಾದ್ರೂ ಸದ್ದು ಮಾಡ್ತದೆ.

ಬೆಳಿಗ್ಗೆ ಉಗುಳಿದ್ದು ಕೆಂಪಾಗಿತ್ತು. ಎಲೆ ಅಡಿಕೆ. ರಾತ್ರಿ ಹಾಕ್ಕಂಡಿದ್ನಾ ಇಲ್ವಾ, ನೆನಪಿಲ್ಲ. ಹಾಕ್ಕಂಡೇ ಇರ್ಬೇಕು.

18 ಜುಲೈ, ಗುರುವಾರ

ಫೋನು ಬಂತು. ಮೊದಲು ಕುಮಾರಿ ಮಾತಾಡಿದ್ಲು. ಮಾತಲ್ಲ, ಕೂಗಾಟ. "ಅಣ್ಣ! ಗಡ್ಡೆ ಇಲ್ವಂತೆ ಕಣಣ್ಣ! ಸ್ಕ್ಯಾನ್ ಮಾಡ್ಸುದ್ವಿ, ಮಾಯವಾಗೋಗದಂತೆ! ನಮ್ಮ್ ಮಾದಪ್ಪ ಕಿತ್ತಾಕ್ಬುಟ್ಟ ಕಣಣ್ಣ! ಮಾದೇಶ್ವರನ ಬೆಟ್ಟಕ್ಕೆ ಬಂದು ಇವ್ರ ಮುಡಿ ಕೊಡ್ತೀವಿ ಅಂತ ಹರಕೆ ಕಟ್ಕಂಡಿದ್ದೆ!"

ಊರೋರೆಲ್ಲ ಮರಿಯಪ್ಪನ್ನ ನೋಡಕೆ ಬತ್ತಾವ್ರಂತೆ. ಒಬ್ಬಳು ಮುದುಕಿ ಎದೆ ಮುಟ್ಟಿ ಕಣ್ಣಿಗೆ ಒತ್ಕಂಡ್ಲಂತೆ. ನಾನು ಜೋರಾಗಿ ನಕ್ಕೆ. ಆಮೇಲೆ ಮರಿಯಪ್ಪ ಫೋನ್ ಈಸ್ಕಂಡು ಆಚೆಗೆ ಬಂದ. ಕೋಳಿ ಕೂಗೋದು ಕೇಳಿಸ್ತಿತ್ತು.

"ನನ್ ಎದೇಲಿ ಧೂಳು ಕೂತದಂತೆ. ಕೆಮ್ಮು ಅದ್ರಿಂದ್ಲೇ. ಗಡ್ಡೆ ಇಲ್ಲ."

"ಅಂದಿರ್ಲಿಲ್ವಾ ನಾನು?"

"ಅದೇ ಡಾಕ್ಟ್ರಮ್ಮ ಇದ್ರು. ಎರಡು ಫೋಟೋನೂ ಅಕ್ಕಪಕ್ಕ ಹಿಡ್ದು ನೋಡಿದ್ರು. ಇದು ನಿಂದಲ್ಲಪ್ಪ ಅಂದ್ರು. ಮೊದಲ್ನೇದ್ರಲ್ಲಿ ಪಕ್ಕೆ ಮೂಳೆ ಮುರ್ದು ಕೂಡ್ಕಂಡಿರೋ ಗುರ್ತು ಅದಂತೆ. ಯಾರ್ದು ಇದು ಅಂದ್ರು. ಗೊತ್ತಿಲ್ಲ ಅಂದ್ಬುಟ್ಟೆ."

ಎಂಟು ವರ್ಷದ ಹಿಂದೆ ಕಲ್ಲು ಜಾರಿ ನನ್ನ ಎದೆಗೆ ಬಡ್ದಿತ್ತು. ಅವತ್ತು ನನ್ನ ಹೊತ್ಕಂಡು ಲಾರಿಗೆ ಹಾಕ್ದೋನು ಮರಿಯಪ್ಪನೇ.

"ಆ ಮನುಷ್ಯ ಎಲ್ಲೋ ಓಡಾಡ್ತಾವ್ನೆ, ಬೇಗ ಸಿಕ್ಕುದ್ರೆ ಒಳ್ಳೇದಿತ್ತು ಅಂದ್ರು ಕಣ್ಲಾ ಡಾಕ್ಟ್ರಮ್ಮ."

"ಮಡುಗ್ಲಾ ಫೋನ" ಅಂದೆ. ಅವನ ಮೇಲೆ ಅಷ್ಟು ಜೋರಾಗಿ ಯಾವತ್ತೂ ಕೂಗಿರ್ಲಿಲ್ಲ.

19 ಜುಲೈ, ಶುಕ್ರವಾರ

ಮರಿಯಪ್ಪ ಸೋಮವಾರದಿಂದ ಬರ್ಬೋದು ಅಂದ ಮೇಸ್ತ್ರಿ. ಅವನೇ ಬರಲ್ಲ ಅಂದನಂತೆ.

27 ಜುಲೈ, ಶನಿವಾರ

ಏನಿಲ್ಲ ಬರಿಯಕೆ. ಕುಳಿ ಹೊಡ್ದೆ. ಊದ್ದೆ. ಬಂದೆ.

11 ಆಗಸ್ಟ್, ಭಾನುವಾರ

ಮರಿಯಪ್ಪನ ಊರಿಗೆ ಹೋಗಿದ್ದೆ, ಸುಂದ್ರಿ ಜೊತೆ. ಹೋದ ಭಾನುವಾರ ಅಮಾಸೆ, ಬೆಟ್ಟಕ್ಕೆ ಹೋಗಿ ಮುಡಿ ಕೊಟ್ಟು ಬಂದವ್ರೆ. ಇವತ್ತು ಊರೋರ್ಗೆ ಊಟ. ಗುಂಡ್ಲುಪೇಟೆ ದಾಟಿದ್ಮೇಲೆ ರಸ್ತೆ ಎರಡು ಕಡೆನೂ ಚೆಂಡು ಹೂವು, ಅರಿಶಿನ ಚೆಲ್ಲಿದಂಗೆ. ಕೇರಳದ ಲಾರಿ ನಿಂತಿದ್ವು. ಮರಿಯಪ್ಪ ಈಗ ಮಾವನ ಹೊಲದಲ್ಲಿ ಹೂವು ಬಿಡಿಸ್ತಾನೆ. ತಲೆ ನುಣ್ಣಗೆ ಬೋಳಿಸಿ ಗಂಧ ಬಳ್ದಿದ್ರು. ಮಾವಿನ ವಾಟೆಗೆ ಬೂಷ್ಟು ಹಿಡ್ದಂಗೆ ಕಾಣ್ತಿದ್ದ. ಹಂಗೇ ಅಂದೆ. ನಕ್ಕ.

ಪಾಯಸ, ಅನ್ನ, ಅವರೆಕಾಳು ಸಾರು. ಎಲೆ ಮುಂದೆ ಕೂತಾಗ ಕುಮಾರಿ ನಾಕು ಜನಕ್ಕೆ ನನ್ನ ತೋರಿಸಿ, "ಈ ಅಣ್ಣ ಡಾಕ್ಟ್ರ ಥರ ಚೆಂದಾಗಿ ಮಾಡ್ತದೆ. ಮಾಡಣ್ಣ, ಗಡ್ಡೆ ಮಾಯ ಆಗಿದ್ದು ಮಾಡು" ಅಂದ್ಲು. ಎದ್ದು ನಿಂತೆ. ಕೈಲಿ ಬಾಳೆಎಲೆ ಚೂರು ಹಿಡ್ಕಂಡು ಬೆಳಕಿಗೆ ಅಡ್ಡ ಇಟ್ಟು, "ಏನಪ್ಪಾ ಮರಿಯಪ್ಪ, ಎಲ್ಲಿ ಬಚ್ಚಿಟ್ಟಿದ್ದೀಯ ಗಡ್ಡೇನ? ಜೇಬಲ್ಲಿ ನೋಡ್ದಾ? ಹೆಂಡ್ತಿ ಗಂಟಲ್ಲಿ ನೋಡ್ದಾ?" ಅಂದೆ. ಪಂಕ್ತಿಗೆ ಪಂಕ್ತಿನೇ ನಗ್ತು. ನಾನೂ ನಕ್ಕೆ. ನಗು ಕೆಮ್ಮಾಯ್ತು. ಕೆಮ್ಮು ನಿಲ್ಲಲಿಲ್ಲ. ಜನ ಅದೂ ನಾಟಕವೇ ಅಂದ್ಕಂಡು ಇನ್ನೂ ನಗ್ತಾ ಇದ್ರು. ಟವಲ್ ಬಾಯಿಗೆ ಒತ್ಕಂಡು ಹಿತ್ಲಿಗೆ ಹೋದೆ.

ಮರಿಯಪ್ಪ ಹಿಂದೇ ಬಂದ. ಟವಲ್ ಕಿತ್ಕಂಡು ನೋಡ್ದ. ಕೆಂಪು.

"ಎಲೆ ಅಡಿಕೆ" ಅಂದೆ.

"ಇನ್ನೂ ಊಟನೇ ಮುಗ್ದಿಲ್ಲ ಕಣ್ಲಾ. ಎಲೆ ಅಡಿಕೆ ಎಲ್ಲಿಂದ ಬಂತು?"

ಇಬ್ರೂ ತೊಟ್ಟಿ ಕಟ್ಟೆ ಮೇಲೆ ಕೂತ್ಕಂಡ್ವಿ. ಅವನು ಬೋಡು ತಲೆ ಸವರ್ಕಂಡು, "ಇದು ನನ್ ಮುಡಿ ಅಂದ್ಕಂಡವಳೆ ಕುಮಾರಿ. ಬೆಟ್ಟದಲ್ಲಿ ತಲೆ ಬಗ್ಗಿಸ್ದಾಗ ನಾನು ಹೇಳಿದ್ದು ನಿನ್ ಹೆಸ್ರು. ಉಮ್ಮತ್ತೂರು ನಿಂಗರಾಜು ಅಂತ, ಊರೂ ಸೇರಿಸಿ ಹೇಳ್ದೆ, ತಪ್ಪಿ ಬ್ಯಾರೆಯೋರ್ಗೆ ಹೋಗ್ಬಾರ್ದು ಅಂತ" ಅಂದ.

ನಂಗೆ ಮಾತು ಬರಲಿಲ್ಲ. ಇದು ಬರೆದಿಡೋ ಅಂಥದ್ದು, ನಂಗೆ ಮಾತು ಬರಲಿಲ್ಲ.

"ನನ್ ಹೆಸ್ರಲ್ಲಿ ನೀನು ಎದೆ ಕೊಟ್ಟೆ. ನಿನ್ ಹೆಸ್ರಲ್ಲಿ ನಾನು ತಲೆ ಕೊಟ್ಟೆ. ಅಲ್ಲಿಗೆ ಸರಿಯಾಯ್ತು. ಇನ್ಮೇಲೆ ನಿಂದು ನೀನೇ ನೋಡ್ಕಬೇಕು ಕಣ್ಲಾ. ಆಸ್ಪತ್ರೆಗೆ ನಿನ್ ಬದ್ಲು ನಾನು ಹೋದ್ರೆ ಏನೂ ಪ್ರಯೋಜನ ಇಲ್ಲ."

ಬಸ್ಸಲ್ಲಿ ವಾಪಸ್ ಬರೋವಾಗ ಸುಂದ್ರಿಗೆ ಎಲ್ಲ ಹೇಳ್ದೆ. ಟೋಪಿಯಿಂದ ಹಿಡ್ದು ಟವಲ್‌ವರೆಗೆ. ಬೈತಾಳೆ ಅಂದ್ಕಂಡಿದ್ದೆ. ಬೈಲಿಲ್ಲ. ತೆರಕಣಾಂಬಿ ದಾಟೋಗಂಟ ನನ್ನ ಕೈ ಮೇಲೆ ಕೈ ಇಟ್ಕಂಡಿದ್ಲು. ಆಮೇಲೆ, "ಬುಧವಾರ ಓಗನ" ಅಂದ್ಲು. ಅಷ್ಟೇ.

12 ಆಗಸ್ಟ್, ಸೋಮವಾರ

ಐದೂವರೆಗೆ ಎಲ್ರೂ ಸಾಲು ನಿಂತ್ರು. ಮುಂದೆ ಮೇಸ್ತ್ರಿ, ಕಣ್ಣು ಮುಚ್ಕಂಡು ಕೈ ಅಗಲಿಸ್ಕಂಡು. ಪೈಪು ಹಿಡ್ಕಂಡೆ. ಗಾಳಿ ಬಿಡಲಿಲ್ಲ.

"ಊದ್ಲಾ" ಅಂದ ಮೇಸ್ತ್ರಿ.

"ಇವತ್ತಿಂದ ಇಲ್ಲ ಕಣಣ್ಣ."

"ಯಾಕ್ಲಾ, ಕಂಪ್ರೆಸರ್ ಕೆಟ್ಟೋಯ್ತಾ?"

"ನಾನು ಕೆಟ್ಟೋದೆ" ಅಂದೆ. ಸೋಮೇಶ ಕಿಸಕ್ ಅಂದ. ಆಮೇಲೆ ಹೇಳ್ದೆ. ಮರಿಯಪ್ಪನ ಚೀಟಿ, ಟೋಪಿ, ಗಡ್ಡೆ, ಯಾರ ಗಡ್ಡೆ, ಎಲ್ಲ. "ಮಾದಪ್ಪ ಏನೂ ಮಾಯ ಮಾಡಿಲ್ಲ. ಅದು ಇಲ್ಲೇ ಅದೆ" ಅಂತ ಎದೆ ಮುಟ್ಟಿ ತೋರಿಸ್ದೆ. "ಹನ್ನೆರಡು ವರ್ಷದಿಂದ ನಿಮ್ಗೆಲ್ಲ ಊದಿವ್ನಿ. ಬಟ್ಟೆ ಮೇಲಿದ್ದ ಧೂಳ ಎಬ್ಬಿಸಿ ಮೂಗಿಗೆ ಕೊಟ್ಟಂಗಾಯ್ತು. ಅಷ್ಟು ಜನದ್ದೂ ಹಾರಿ ನನ್ ಮೂಗಿಗೇ ಬಂದದೆ. ಅಲ್ಲಿ ಡ್ರಮ್ಮು ಅದೆ, ನೀರು ಅದೆ. ತೊಳ್ಕಳಿ."

ಮೇಸ್ತ್ರಿ ಬೈದ. ಸುಳ್ಳು ಚೀಟಿ ಕೊಟ್ಟಿದ್ದಕ್ಕೆ ಇಬ್ರನ್ನೂ ಓಡಿಸ್ತೀನಿ ಅಂದ, ಓನರ್‌ಗೆ ಏನಂತ ಹೇಳ್ಲಿ ಅಂದ. ಅವನ ಬಾಯಿ ಹಂಗೆ ಅಂತಿದ್ರೂ ಕೈ ಶರ್ಟಿನ ಧೂಳ ಮೆಲ್ಲಗೆ ಒರೆಸ್ತಿತ್ತು, ಹಾರಬಾರ್ದು ಅನ್ನಂಗೆ. ಎಲ್ರೂ ಡ್ರಮ್ಮಿನ ಹತ್ರ ಹೋದ್ಮೇಲೆ ನನ್ನ ಪಕ್ಕ ಬಂದು ನಿಂತ್ಕಂಡ.

"ನಿಂಗರಾಜು, ಅವತ್ತು ನಾನೂ ಎಕ್ಸ್‌ರೇ ತೆಗಿಸ್ಲಿಲ್ಲ. ಮೇಸ್ತ್ರಿಗೆ ಯಾಕೆ ಅಂತ ಬುಟ್ಬುಟ್ಟೆ" ಅಂದ. "ದಿನಾ ಮೊದ್ಲು ನಿಲ್ತಿದ್ದೋನು ನಾನೇ ಅಲ್ವಾ?"

"ಬುಧವಾರ ಬಾ" ಅಂದೆ.

14 ಆಗಸ್ಟ್, ಬುಧವಾರ

ಚಾಮರಾಜನಗರ. ನಾನು, ಸುಂದ್ರಿ. ಮೇಸ್ತ್ರಿ ಹಿಂದಿನ ಬೆಂಚಲ್ಲಿ, ನಮಗೂ ಅವನಿಗೂ ಸಂಬಂಧನೇ ಇಲ್ಲ ಅನ್ನಂಗೆ ಪೇಪರ್ ಓದ್ತಾ.

ಪುಸ್ತಕದಲ್ಲಿದ್ದ ಹಳೇ ಚೀಟಿನೇ ಕೊಟ್ಟೆ. ಡಾಕ್ಟ್ರಮ್ಮ ಓದಿದ್ರು. ನಿಂಗರಾಜು, ಉಮ್ಮತ್ತೂರು. ಇವತ್ತು ಸ್ನಾನ ಮಾಡಿ ಬಂದಿದ್ದೆ, ಮುಖ ಗುರ್ತು ಸಿಗಲಿಲ್ಲ ಅವ್ರಿಗೆ.

"ಮೊದಲು ಎಕ್ಸ್‌ರೇ ಆಗಿದೆಯಾ?"

"ಆಗದೆ ಮೇಡಮ್ಮಾರೆ. ಮರಿಯಪ್ಪನ ಹೆಸ್ರಲ್ಲಿ. ಕೋಗಿಲೆ ನಾನೇ."

ಅವ್ರು ಪೆನ್ನು ಕೆಳಗಿಟ್ಟು ನನ್ನ ನೋಡಿದ್ರು. ಬಯ್ಯಲಿಲ್ಲ. ಸ್ಕ್ಯಾನ್ ಆದ್ಮೇಲೆ ಹಳೇದೂ ಹೊಸದೂ ಪಕ್ಕಪಕ್ಕ ಹಾಕಿ ತೋರಿಸಿದ್ರು. ಅದೇ ಮುರಿದ ಪಕ್ಕೆ. ಅದೇ ಜಾಗ. ಅವತ್ತು ನೆಲ್ಲಿಕಾಯಿ ಇದ್ದಂಗಿತ್ತು. ಇವತ್ತು ನಿಂಬೆಹಣ್ಣು.

"ಎರಡು ತಿಂಗಳು ಹೋಯ್ತಲ್ಲ ನಿಂಗರಾಜು" ಅಂದ್ರು.

27 ಆಗಸ್ಟ್, ಮಂಗಳವಾರ

ಮೈಸೂರಲ್ಲಿ ಸೂಜಿ ಹಾಕಿ ಗಡ್ಡೆ ಚೂರು ತೆಗೆದಿದ್ರ ರಿಪೋರ್ಟು ಬಂತು. ಕ್ಯಾನ್ಸರ್ರು. ಬೇರೆ ಕಡೆಗೆ ಹೋಗಿಲ್ಲ, ಸದ್ಯಕ್ಕೆ. ಸೋಮವಾರ ಸೇರ್ಕಬೇಕು. ಆಪರೇಷನ್ನು, ಆಮೇಲೆ ಔಷಧಿ.

"ಬೀಡಿ ಸೇದಲ್ಲ ನಾನು" ಅಂದೆ. ಕಲ್ಲಿನ ಧೂಳೊಂದೇ ಸಾಕು ಅಂದ್ರು ಅಲ್ಲಿನ ಡಾಕ್ಟ್ರು. ಸಣ್ಣ ಧೂಳು, ಕಣ್ಣಿಗೆ ಕಾಣದಷ್ಟು ಸಣ್ಣದು, ಒಳಗೆ ಹೋಗಿದ್ದು ವಾಪಸ್ ಬರಲ್ಲ. ಬೆಲ್ಲದ ವಿಷ್ಯ ಕೇಳ್ದೆ. ಬೆಲ್ಲ ಹೋಗೋ ದಾರಿ ಬೇರೆ, ಧೂಳು ಹೋಗೋ ದಾರಿ ಬೇರೆ ಅಂದ್ರು. ಕಾಗದದಲ್ಲಿ ಕೆಲಸ ಅಂತ ಇರೋ ಕಡೆ "ಕ್ವಾರಿಯಲ್ಲಿ ಕುಳಿ ಹೊಡೆಯುವುದು, 22 ವರ್ಷ" ಅಂತ ಬರ್ಕಂಡ್ರು. ಅದು ಬರಿಯೋದು ಮುಖ್ಯವಂತೆ.

ಮೇಸ್ತ್ರಿ ಎದೇಲಿ ಧೂಳು ಅದೆ, ಗಡ್ಡೆ ಇಲ್ಲ. ಜಾಕ್‌ಹ್ಯಾಮರ್‌ಗೆ ನೀರಿನ ಪೈಪು ತರಿಸವ್ನೆ. ನೀರು ಬಿಟ್ಕಂಡು ಹೊಡಿಬೇಕು, ಧೂಳು ಏಳಲ್ಲ. ಇಷ್ಟು ದಿನ ಕೆಸರಾಯ್ತದೆ ಅಂತ ಬ್ಯಾಡ ಅಂದೋನು ಅವನೇ. ಸೋಮೇಶ ಫೋನಲ್ಲಿ, "ಎಲ್ರೂ ಎಮ್ಮೆ ಥರ ಆಗೋಗಿದ್ದೀವಿ ಕಣಣ್ಣ" ಅಂದ.

ಮರಿಯಪ್ಪ ಇವತ್ತು ಬಂದವ್ನೆ, ಆಸ್ಪತ್ರೇಲಿ ಜೊತೆಗಿರಕೆ. ಕೂದ್ಲು ರಾಗಿ ಪೈರಿನಷ್ಟು ಬಂದದೆ. ಚೆಂಡು ಹೂವು ಒಂದು ಚೀಲ ತಂದವ್ನೆ. "ನನ್ ಮೇಲೆ ಈಗ್ಲೇ ಹಾಕ್ಬ್ಯಾಡ ಕಣ್ಲಾ" ಅಂದೆ. ಸುಂದ್ರಿ ಚೀಲ ಈಸ್ಕಂಡು ಹೂವ ಪೋಣಿಸಿ ಬಾಗ್ಲಿಗೆ ಕಟ್ಟಿದ್ಲು.

ಆಸ್ಪತ್ರೆಗೆ ಅಂತ ಒಳ್ಳೇ ಪ್ಯಾಂಟು ತೆಗ್ದೆ. ಅದೂ ಜಾರ್ತು. ಅವಳು ಸೂಜಿ ದಾರ ತಕಂಡು ಕೂತ್ಲು. ಮೂರಿಂಚು ಹಿಡಿದ್ಲು. ನಾನು ಕತ್ತರಿ ತಂದು ಮುಂದೆ ಮಡಗ್ದೆ, ಪಾತ್ರೆ ಇಳಿಸಕೆ ಇನ್ನೊಂದು ಬಟ್ಟೆ ಆಯ್ತದೆ ಅಂತ.

ಕತ್ತರೀನ ಪಕ್ಕಕ್ಕೆ ತಳ್ಳಿದ್ಲು. ಉಳಿದ ಬಟ್ಟೇನ ಒಳಕ್ಕೆ ಮಡಚಿ, ದೊಡ್ಡ ದೊಡ್ಡ ಹೊಲಿಗೆ ಹಾಕ್ತಾ ಬಂದ್ಲು.

"ಯಾಕಮ್ಮಿ ಕತ್ತರಿಸ್ಲಿಲ್ಲ?" ಅಂದೆ.

"ಬಿಚ್ಚಕೆ ಬೇಕಾಯ್ತದೆ" ಅಂದ್ಲು, ತಲೆ ಎತ್ತದೆ.